ಕೆರೆಯ ಉಸಿರು ನೋಡಬೇಕಾದರೆ ಕೋಳಿ ಕೂಗೋ ಹೊತ್ತಿಗೆ ಬನ್ನಿ

(ಕೋಲಾರ ತಾಲ್ಲೂಕಿನ ಒಂದು ಹಳ್ಳಿ ಶಾಲೆಯ ಜಗುಲಿಯಲ್ಲಿ, ಕೆರೆ ಅಚ್ಚುಕಟ್ಟಿನ ರೈತರು, ಮೀನು ಸಾಕುವವರು ಮತ್ತು ಹೈಸ್ಕೂಲು ಮಕ್ಕಳ ಎದುರು ಆಡಿದ ಮಾತಿನ ಬರಹ ರೂಪ. ಆಡುವಾಗ ದಾರಿ ತಪ್ಪಿದ್ದನ್ನು ಅಲ್ಲಲ್ಲಿ ಸರಿಮಾಡಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲು ಮೇಜಿನ ಮೇಲಿರುವ ಈ ಗಾಜಿನ ಜಾಡಿ ನೋಡಿ. ಇವತ್ತು ಬೆಳಿಗ್ಗೆ ನಿಮ್ಮ ಕೆರೆ ತೂಬಿನ ಹತ್ತಿರ ಮೊಣಕಾಲುದ್ದ ನೀರಿಗಿಳಿದು ಕಿತ್ತುಕೊಂಡು ಬಂದ ನಾಲ್ಕೆಳೆ ಗಿಡ ಇದರಲ್ಲಿದೆ. ನೀವು ಇದನ್ನು ಪಾಚಿ ಅಂತೀರಿ. ಬಂಡೆ ಮೇಲೆ ಜಾರುವುದೂ ಪಾಚಿ, ನೀರಿನ ಮೇಲೆ ಹಸಿರು ಬಣ್ಣ ಕದಡಿದ ಹಾಗೆ ಕಾಣುವುದೂ ಪಾಚಿ, ಬಲೆಗೆ ಸುತ್ತಿಕೊಂಡು ಪ್ರಾಣ ತೆಗೆಯುವ ಇದೂ ಪಾಚಿ. ಬೈಯುವುದಕ್ಕೆ ಒಂದೇ ಹೆಸರು ಸಾಕು. ಆದರೆ ಇದಕ್ಕೆ ಬೇರಿದೆ, ಕಾಂಡವಿದೆ, ಗೆಣ್ಣುಗೆಣ್ಣಿಗೂ ಸುತ್ತ ಕೂತ ಪುಟ್ಟ ಎಲೆಗಳಿವೆ, ಹೂವೂ ಬಿಡುತ್ತದೆ. ಪಾಠದ ಪುಸ್ತಕದಲ್ಲಿ ಇದರ ಹೆಸರು ಹೈಡ್ರಿಲ್ಲಾ. ಮಕ್ಕಳಿಗೆ ಗೊತ್ತಿರುತ್ತದೆ: ಬೀಕರಿನಲ್ಲಿ ಗಿಡ, ಅದರ ಮೇಲೆ ಬೋರಲು ಹಾಕಿದ ಆಲಿಕೆ, ಆಲಿಕೆಯ ಮೇಲೆ ಪ್ರನಾಳ. ನಾನೂ ಎಷ್ಟೋ ವರ್ಷ ಆ ಚಿತ್ರವನ್ನು ಬೋರ್ಡಿನ ಮೇಲೆ ಬರೆದು ಐದು ಅಂಕ ಕೊಡುತ್ತಿದ್ದೆ. ಗಿಡವನ್ನೇ ತಂದು ತೋರಿಸಿದ್ದು ಕಮ್ಮಿ. ಆ ತಪ್ಪಿಗೆ ಇವತ್ತು ಪ್ಯಾಂಟು ಒದ್ದೆ.

ಈಗ ಕಿಟಕಿ ಬಿಸಿಲು ಜಾಡಿಗೆ ನೇರ ಬೀಳುತ್ತಿದೆ. ಮುಂದೆ ಕೂತವರು ಹೇಳಿ, ಏನು ಕಾಣುತ್ತೆ?

"ಗುಳ್ಳೆ ಬರ್ತಾ ಐತೆ ಸಾರ್, ಸೋಡಾ ಥರ."

ಸರಿ. ಕಾಂಡ ಮುರಿದ ತುದಿಯಿಂದ ಒಂದರ ಹಿಂದೊಂದು, ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ. ಈಗ ಈ ಹಲಗೆ ಅಡ್ಡ ಹಿಡಿಯುತ್ತೇನೆ. ಕೈ ನೋಯುವವರೆಗೆ ಹಿಡಿದರೆ ಗುಳ್ಳೆ ನಿಧಾನವಾಗುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ತೆಗೆದರೆ ಮತ್ತೆ ಶುರು. 1779ರ ಬೇಸಿಗೆಯಲ್ಲಿ ಯಾನ್ ಇಂಗೆನ್‌ಹೌಸ್ ಎಂಬ ಡಚ್ ವೈದ್ಯ ಇಂಗ್ಲೆಂಡಿನಲ್ಲಿ ಕೂತು ಮಾಡಿದ್ದೂ ಹೆಚ್ಚುಕಮ್ಮಿ ಇದೇ ಕೆಲಸ. ಅವನಿಗಿಂತ ಮೊದಲು, 1771ರಲ್ಲಿ, ಜೋಸೆಫ್ ಪ್ರೀಸ್ಟ್ಲಿ ಮುಚ್ಚಿದ ಜಾಡಿಯೊಳಗೆ ಪುದೀನ ಕಡ್ಡಿ ಇಟ್ಟು, ಮೇಣದಬತ್ತಿ ಉರಿದು ಕೆಟ್ಟ ಗಾಳಿಯನ್ನು ಗಿಡ ಮತ್ತೆ ಸರಿಮಾಡುತ್ತದೆ ಅಂತ ತೋರಿಸಿದ್ದ. ಆದರೆ ಅವನ ಪ್ರಯೋಗ ಒಮ್ಮೆ ಆದರೆ ಇನ್ನೊಮ್ಮೆ ಆಗುತ್ತಿರಲಿಲ್ಲ. ಬೆಳಕು ಬೇಕು ಅನ್ನುವುದು ಅವನಿಗೆ ಹೊಳೆದಿರಲಿಲ್ಲ. ಇಂಗೆನ್‌ಹೌಸ್ ಎಲೆಗಳನ್ನು ನೀರಿನಲ್ಲಿ ಮುಳುಗಿಸಿದ. ಗಾಳಿಯಲ್ಲಿ ಕಾಣದ್ದು ನೀರಿನಲ್ಲಿ ಗುಳ್ಳೆಯಾಗಿ ಕಂಡಿತು. ಅವನು ಹೇಳಿದ್ದು ಎರಡು ಮಾತು. ಬಿಸಿಲಿನಲ್ಲಿ ಗಿಡದ ಹಸಿರು ಭಾಗ ಗಾಳಿಯನ್ನು ಒಳ್ಳೆಯದು ಮಾಡುತ್ತದೆ. ಕತ್ತಲಲ್ಲಿ ಅದೇ ಗಿಡ ಗಾಳಿಯನ್ನು ಕೆಡಿಸುತ್ತದೆ. ಮೊದಲನೆಯದನ್ನು ಲೋಕ ಬಾಯಿಪಾಠ ಮಾಡಿಕೊಂಡಿತು. ಎರಡನೆಯದನ್ನು ಮರೆಯಿತು. ನಾನು ಬಂದಿರುವುದು ಆ ಎರಡನೆಯ ಮಾತಿಗಾಗಿ.

ಮೊದಲು ಒಂದು ಲೆಕ್ಕ. ನಾವು ಗಾಳಿಯ ಜೀವಿಗಳು, ಆಮ್ಲಜನಕದ ಬೆಲೆ ನಮಗೆ ಗೊತ್ತಿಲ್ಲ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 250 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. 25 ಡಿಗ್ರಿ ಬಿಸಿಯ ಒಂದು ಲೀಟರ್ ನೀರು ಗಾಳಿಯಿಂದ ಕರಗಿಸಿಕೊಂಡು ಹಿಡಿದಿಡಬಲ್ಲದ್ದು ಕಡಲ ಮಟ್ಟದಲ್ಲಿ 8 ಮಿಲಿಗ್ರಾಮಿಗೆ ಸ್ವಲ್ಪ ಮೇಲೆ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗಿಂತ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ನಮ್ಮ ಪಾಲಿಗೆ ಅದರಲ್ಲೂ ಹತ್ತನೇ ಒಂದು ಭಾಗ ಕಡಿತ: ಏಳೂವರೆ ಅಂತಿಟ್ಟುಕೊಳ್ಳಿ. ನೀರು ಬಿಸಿಯಾದಷ್ಟೂ ಇದು ಇನ್ನೂ ಇಳಿಯುತ್ತದೆ. ಏಪ್ರಿಲ್ ತಿಂಗಳಲ್ಲಿ, ಮೀನಿಗೆ ಉಸಿರು ಜಾಸ್ತಿ ಬೇಕಾದ ಹೊತ್ತಿನಲ್ಲೇ, ನೀರಿನ ಜೇಬು ಚಿಕ್ಕದಾಗುತ್ತದೆ. ಕಟ್ಲಾ, ರೋಹು, ಗೆಂಡೆ ಆರಾಮಾಗಿ ಬೆಳೆಯಲು ಲೀಟರಿಗೆ 5 ಮಿಲಿಗ್ರಾಮಾದರೂ ಇರಬೇಕು. ಎರಡು ಮೂರಕ್ಕೆ ಇಳಿದರೆ ಮೇವು ಬಿಡುತ್ತವೆ. ಒಂದಕ್ಕೆ ಬಂದರೆ ಮೇಲಕ್ಕೆ ಬಂದು ಬಾಯಿ ಬಿಡುತ್ತವೆ.

ಇನ್ನೊಂದು ತೊಂದರೆ. ಆಮ್ಲಜನಕ ನಿಂತ ನೀರಿನಲ್ಲಿ ತಾನಾಗಿ ಹರಡುವ ವೇಗ ಗಾಳಿಯಲ್ಲಿ ಹರಡುವುದರ ಹತ್ತು ಸಾವಿರದಲ್ಲಿ ಒಂದು ಪಾಲು. ಮೇಲಿನ ಗಾಳಿ ಕೆರೆ ತಳಕ್ಕೆ ಹಾಗೇ ಇಳಿಯಬೇಕೆಂದು ಕಾದರೆ ಆಗುವ ಮಾತಲ್ಲ. ಗಾಳಿ ಬೀಸಬೇಕು, ಅಲೆ ಏಳಬೇಕು, ಕೋಡಿ ಬಿದ್ದು ನೀರು ಧುಮುಕಬೇಕು. ಇಲ್ಲವೇ ನೀರಿನೊಳಗೇ ಕೂತು ಯಾರಾದರೂ ಆಮ್ಲಜನಕ ತಯಾರಿಸಿ ಅಲ್ಲೇ ಬಿಡಬೇಕು. ಆ ಕೆಲಸಕ್ಕೆ ಇದ್ದದ್ದು ಈ ಜಾಡಿಯ ಗಿಡ ಮತ್ತು ಅದರ ಬಳಗ: ರಿಬ್ಬನ್ನಿನಂತೆ ಉದ್ದೆಲೆಯ ವ್ಯಾಲಿಸ್ನೇರಿಯಾ, ನರಿಬಾಲದಂತಿರುವ ಸೆರಟೋಫಿಲಮ್, ಮುಟ್ಟಿದರೆ ಮುರಿಯುವ ಕಾರಾ.

ಈ ಗಿಡದ ಎಲೆಯಲ್ಲಿ ಎರಡೇ ಪದರ ಜೀವಕೋಶ. ನೆಲದ ಎಲೆಗಿರುವ ಹಾಗೆ ಪತ್ರರಂಧ್ರಗಳು, ಅಂದರೆ ಗಾಳಿಯಾಡುವ ಸಣ್ಣ ತೂತುಗಳು, ಇಲ್ಲ, ಬೇಕಾಗಿಯೂ ಇಲ್ಲ. ಮೈಯೆಲ್ಲ ಬಾಯಿ. ಕರಗಿದ ಇಂಗಾಲದ ಡೈಆಕ್ಸೈಡನ್ನು ನೇರ ಹೀರಿ, ಆಮ್ಲಜನಕವನ್ನು ನೇರ ನೀರಿಗೆ ಬಿಡುತ್ತದೆ. ನಿಜ ಹೇಳಬೇಕೆಂದರೆ ಬಹುಪಾಲು ಆಮ್ಲಜನಕ ಗುಳ್ಳೆಯಾಗದೆ ಸದ್ದಿಲ್ಲದೆ ನೀರಿನಲ್ಲಿ ಕರಗಿಹೋಗುತ್ತದೆ. ಗುಳ್ಳೆ ಕಂಡಿತೆಂದರೆ ಕರಗಲು ಜಾಗ ಸಾಲದೆ ಉಕ್ಕಿತು ಅಂತ ಅರ್ಥ. ಈ ಆಮ್ಲಜನಕ ಬಂದದ್ದು ಇಂಗಾಲದ ಡೈಆಕ್ಸೈಡಿನಿಂದ ಅಂತ ಬಹಳ ಕಾಲ ನಂಬಿದ್ದರು. ಅದು ಒಡೆದ ನೀರಿನದೇ ಅಂತ 1941ರಲ್ಲಿ ರೂಬೆನ್, ಕ್ಯಾಮೆನ್ ಮತ್ತವರ ಜೊತೆಗಾರರು ಮಾಮೂಲಿಗಿಂತ ತೂಕ ಹೆಚ್ಚಿರುವ ಆಮ್ಲಜನಕ ಬಳಸಿ ತೋರಿಸಿದರು. ಅಂದರೆ ಕೆರೆ ಗಿಡ ಕೆರೆ ನೀರನ್ನೇ ಒಡೆದು ಕೆರೆ ಮೀನಿಗೆ ಉಸಿರು ಕೊಡುತ್ತದೆ.

ಇಲ್ಲೊಂದು ಮಾತು ಸೇರಿಸದಿದ್ದರೆ ನನಗೆ ಸಮಾಧಾನವಿಲ್ಲ. ನಮ್ಮವರೇ ಆದ ಜಗದೀಶಚಂದ್ರ ಬೋಸರು ಕೋಲ್ಕತ್ತಾದಲ್ಲಿ ಇದೇ ಹೈಡ್ರಿಲ್ಲಾ ಇಟ್ಟುಕೊಂಡು, ಗುಳ್ಳೆಯ ಲೆಕ್ಕ ತಾನೇ ಬರೆದುಕೊಳ್ಳುವ ಉಪಕರಣ ಕಟ್ಟಿ, 1924ರಲ್ಲಿ ಆ ಸಂಶೋಧನೆಯನ್ನು ಪುಸ್ತಕವಾಗಿ ತಂದರು. ಚಳಿಗಾಲದ ಹೈಡ್ರಿಲ್ಲಾ ಒಂದು ರೀತಿ, ಬೇಸಿಗೆಯದು ಇನ್ನೊಂದು ರೀತಿ ನಡೆದುಕೊಳ್ಳುತ್ತದೆ, ಬೇಸಿಗೆಯದರಲ್ಲಿ ಮ್ಯಾಲಿಕ್ ಆಮ್ಲಕ್ಕೆ ಏನೋ ಪಾತ್ರವಿದೆ ಅಂತ ಅವರು ಗುರುತಿಸಿದ್ದರು. ಆಗ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಅರ್ಧ ಶತಮಾನ ಕಳೆದ ಮೇಲೆ ಅಮೆರಿಕದ ಫ್ಲಾರಿಡಾದಲ್ಲಿ ಇದೇ ಗಿಡದ ಕಾಟ ತಡೆಯಲಾರದೆ ಅಧ್ಯಯನಕ್ಕೆ ಕೂತವರಿಗೆ ಗುಟ್ಟು ತಿಳಿಯಿತು. ಬೇಸಿಗೆ ಮಧ್ಯಾಹ್ನ ದಟ್ಟ ಗಿಡಗಳ ನಡುವೆ ಇಂಗಾಲದ ಡೈಆಕ್ಸೈಡ್ ಬರಿದಾಗಿ ಆಮ್ಲಜನಕ ವಿಪರೀತವಾಗುತ್ತದೆ. ಸಾಮಾನ್ಯ ಗಿಡ ಆಗ ತಾನು ಬಿಟ್ಟ ಆಮ್ಲಜನಕದಿಂದಲೇ ಸೊರಗುತ್ತದೆ. ಹೈಡ್ರಿಲ್ಲಾ ದಾರಿ ಬದಲಿಸಿ ಇಂಗಾಲವನ್ನು ಮೊದಲು ಆಮ್ಲವಾಗಿ ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಹೊಲದ ರಾಗಿ, ಮುಸುಕಿನ ಜೋಳ ಮಾಡುವುದೂ ಇದೇ ಉಪಾಯ. ರಾಗಿಗೆ ಅದು ಹುಟ್ಟುಗುಣ, ಇದಕ್ಕೆ ಕಷ್ಟಕಾಲದ ವಿದ್ಯೆ. ಅದೂ ಸಾಲದಿದ್ದರೆ ನೀರಿನಲ್ಲಿ ಕರಗಿದ ಬೈಕಾರ್ಬನೇಟಿನಿಂದಲೂ ಇಂಗಾಲ ಕಿತ್ತುಕೊಳ್ಳುತ್ತದೆ. ಗಡಸು ನೀರಿನ ಕುಂಟೆಯಲ್ಲಿ ಇದರ ಎಲೆ ಉಜ್ಜಿದರೆ ಕೈಗೆ ಮರಳು ಮರಳು ಹತ್ತುತ್ತದಲ್ಲ, ಅದು ಆಗ ಎಲೆ ಮೇಲೆ ಕೂತ ಸುಣ್ಣ.

ಇಷ್ಟು ಹೊಗಳಿದ ಮೇಲೆ ಈಗ ರಾತ್ರಿಯ ಮಾತು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಊರ ಹೆಸರು ಬೇಡ, ಒಂದು ಕೆರೆಯಲ್ಲಿ ಬೆಳಗಾಗುವಷ್ಟರಲ್ಲಿ ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಕೆರೆ ಗುತ್ತಿಗೆ ಹಿಡಿದವನು ಏರಿ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಯಾರೋ ವಿಷ ಹಾಕಿದ್ದಾರೆ ಅಂತ ಊರು ಎರಡು ಪಾಲಾಗಿ, ಹಳೆಯ ಜಮೀನು ಜಗಳಗಳೆಲ್ಲ ಎದ್ದು ಬಂದವು. ಬಾಟನಿ ಮೇಷ್ಟ್ರು ಅಂತ ನನ್ನನ್ನೂ ಕರೆದರು. ನಾನು ಹೋಗಿದ್ದು ಹನ್ನೊಂದು ಗಂಟೆಗೆ. ನೀರು ಪರೀಕ್ಷಿಸಿದರೆ ಆಮ್ಲಜನಕ ಬೇಕಾದಷ್ಟಿತ್ತು! ವಿಷವೇ ಇರಬೇಕು ಅಂತ ನಾನೂ ತಲೆಯಾಡಿಸಿ ಬಂದೆ. ಇವತ್ತಿಗೂ ಆ ತಲೆಯಾಡಿಸಿದ್ದು ನೆನಪಾದರೆ ನಾಚಿಕೆ.

ಆಗಿದ್ದು ಏನು? ಮೂರು ದಿನದಿಂದ ಮೋಡ. ಗಾಳಿ ಇಲ್ಲ, ಸೆಕೆ. ನೀರು ಗಿಣಿಹಸಿರಾಗಿ ಗಟ್ಟಿ ಪಾಚಿ ಕಟ್ಟಿತ್ತು. ಹಗಲು ಬಿಸಿಲಿಲ್ಲದೆ ಸಂಪಾದನೆ ಇಲ್ಲ, ರಾತ್ರಿ ಮಾತ್ರ ಖರ್ಚು ತಪ್ಪಲಿಲ್ಲ. ಮೀನು ಉಸಿರಾಡುತ್ತದೆ, ಗಿಡವೂ ಉಸಿರಾಡುತ್ತದೆ, ಪಾಚಿಯೂ ಉಸಿರಾಡುತ್ತದೆ, ತಳದ ಕೆಸರಿನಲ್ಲಿ ಕೊಳೆತದ್ದನ್ನು ತಿನ್ನುವ ಬ್ಯಾಕ್ಟೀರಿಯಾ ಎಲ್ಲರಿಗಿಂತ ಹೆಚ್ಚು ಉಸಿರಾಡುತ್ತವೆ. ಆರೋಗ್ಯವಾದ ಕೆರೆಯಲ್ಲೂ ಆಮ್ಲಜನಕ ಮಧ್ಯಾಹ್ನ ಎರಡು ಮೂರು ಗಂಟೆ ಹೊತ್ತಿಗೆ ಶಿಖರ ಮುಟ್ಟಿ, ಅಲ್ಲಿಂದ ಇಳಿದು ಇಳಿದು, ಸೂರ್ಯ ಹುಟ್ಟುವ ಮುಂಚೆ ತೀರಾ ತಳಕ್ಕೆ ಬರುತ್ತದೆ. ಆ ಕೆರೆಯಲ್ಲಿ ಬೆಳಗಿನ ನಾಲ್ಕು ಐದರ ಹೊತ್ತಿಗೆ ಸೊನ್ನೆ ಮುಟ್ಟಿರಬೇಕು. ನಾನು ಹೋಗುವಷ್ಟರಲ್ಲಿ ಮೋಡ ಹರಿದು, ಬಿಸಿಲು ಬಿದ್ದು, ಪಾಚಿ ಮತ್ತೆ ತುಂಬಿಸಿಬಿಟ್ಟಿತ್ತು. ಕಳ್ಳ ಬಂದು ಹೋದ ಮೇಲೆ ಬಾಗಿಲು ಕಾದಂತೆ ನನ್ನ ಪರೀಕ್ಷೆ.

ಒಂದು ಗುರುತು ಹೇಳುತ್ತೇನೆ, ಮನಸ್ಸಿನಲ್ಲಿಟ್ಟುಕೊಳ್ಳಿ. ಉಸಿರುಗಟ್ಟಿದಾಗ ಸಾಮಾನ್ಯವಾಗಿ ದೊಡ್ಡ ಮೀನು ಮೊದಲು ಸಾಯುತ್ತವೆ, ಮರಿಗಳು ಅಂಚಿನಲ್ಲಿ ಮೇಲ್ನೀರು ಹೀರಿ ಉಳಿದುಕೊಳ್ಳುತ್ತವೆ. ವಿಷವಾದರೆ ಮೊದಲ ಏಟು ಮರಿಗಳಿಗೆ. ಅವತ್ತು ತೇಲುತ್ತಿದ್ದವೆಲ್ಲ ಎರಡು ಮೂರು ಕೆ.ಜಿ. ತೂಗುವವು.

ಹಾಗಾದರೆ ಕೆರೆಯಲ್ಲಿ ಹಸಿರು ಇರುವುದು ಒಳ್ಳೆಯದೋ ಕೆಟ್ಟದ್ದೋ? ಯಾವ ಹಸಿರು ಅಂತ ಮೊದಲು ಕೇಳಬೇಕು. ನಮ್ಮ ಅಂತರಗಂಗೆ ಬೆಟ್ಟದ ಬಸವನ ಬಾಯಿಂದ ಬೀಳುವ ನೀರನ್ನು ಎಲ್ಲರೂ ತೀರ್ಥ ಅಂತ ತಗೊಳ್ಳುತ್ತೀವಿ. ನೀರ ಮೇಲೆ ಎಲೆಕೋಸಿನ ಹಾಗೆ ತೇಲುವ ಗಿಡಕ್ಕೂ ಕನ್ನಡದಲ್ಲಿ ಅಂತರಗಂಗೆ ಅಂತಲೇ ಹೆಸರು. ಹೆಸರು ಒಂದೇ, ಗುಣ ಪೂರಾ ಉಲ್ಟಾ. ತೇಲುವ ಅಂತರಗಂಗೆ, ನೇರಳೆ ಹೂವಿನ ಜಲಕಳೆ, ಇವುಗಳ ಪತ್ರರಂಧ್ರ ಗಾಳಿಗೆ ತೆರೆದಿರುತ್ತವೆ. ಅವು ತಯಾರಿಸುವ ಆಮ್ಲಜನಕದ ಬಹುಪಾಲು ಆಕಾಶಕ್ಕೆ ಹೋಗುತ್ತದೆ. ನೀರಿನ ಪಾಲಿಗೆ ಸಿಗುವುದು ನೆರಳು, ಕೊಳೆತ ಬೇರು. ಚಾಪೆ ಹಾಸಿದ ಹಾಗೆ ಮುಚ್ಚಿಬಿಟ್ಟರೆ ಗಾಳಿಯೂ ನೀರನ್ನು ಮುಟ್ಟುವುದಿಲ್ಲ, ಕೆಳಗಿನ ಹೈಡ್ರಿಲ್ಲಾ ಬೆಳಕಿಲ್ಲದೆ ಸಾಯುತ್ತದೆ. ಮೇಲೆ ನಿಂತು ನೋಡಿದರೆ ಹಸಿರು ಕೆರೆ, ಒಳಗೆ ಕತ್ತಲ ಕೋಣೆ.

ಕದಡಿದ ಹಸಿರು ನೀರಿನದು ಇನ್ನೊಂದು ಕಥೆ. ಅದರಲ್ಲಿರುವ ಸೂಕ್ಷ್ಮ ಪಾಚಿ ಆಮ್ಲಜನಕ ತಯಾರಿಸುವುದರಲ್ಲಿ ಯಾರಿಗೂ ಕಮ್ಮಿ ಇಲ್ಲ. ಆದರೆ ಅದು ದಿನಗೂಲಿ ಸಂಸಾರ. ಮಧ್ಯಾಹ್ನ ನೀರು ಹಿಡಿಯಬಲ್ಲದ್ದಕ್ಕಿಂತ ಹೆಚ್ಚು ತಯಾರಿಸಿ ಗಾಳಿಗೆ ಚೆಲ್ಲುತ್ತದೆ, ರಾತ್ರಿ ಸಾಲ ಮಾಡುತ್ತದೆ, ಒಂದು ದಿನ ಒಟ್ಟಿಗೆ ಸತ್ತು ತಳಕ್ಕೆ ಬೀಳುತ್ತದೆ. ಬೇರೂರಿದ ಗಿಡ ನಿಧಾನಸ್ಥ. ಅದು ಕೆಸರು ಏಳದಂತೆ ಹಿಡಿಯುತ್ತದೆ, ಪಾಚಿ ತಿನ್ನುವ ನೀರುಚಿಗಟಗಳಿಗೆ ಮನೆಯಾಗುತ್ತದೆ, ಪಾಚಿಗೆ ಸಿಗಬಹುದಾಗಿದ್ದ ಸಾರವನ್ನು ತಾನು ಹೀರುತ್ತದೆ. ಕಾಂಡದೊಳಗಿನ ಗಾಳಿ ಕೊಳವೆಗಳಿಂದ ಬೇರಿಗೂ ಆಮ್ಲಜನಕ ಇಳಿಸುತ್ತದೆ. ಕಪ್ಪು ಕೆಸರಿನಿಂದ ಇಂಥ ಗಿಡ ಕಿತ್ತರೆ ಬೇರಿನ ಸುತ್ತ ತುಕ್ಕಿನ ಬಣ್ಣ ಕಾಣಬಹುದು. ಅಲ್ಲಿಯ ಕಬ್ಬಿಣ ಆಮ್ಲಜನಕ ಸಿಕ್ಕಿ ತುಕ್ಕಾಗಿದೆ, ಆ ತುಕ್ಕು ರಂಜಕವನ್ನು ಕಟ್ಟಿಹಾಕುತ್ತದೆ. ಆಮ್ಲಜನಕ ತೀರಿದರೆ ಕಟ್ಟು ಬಿಚ್ಚಿ ರಂಜಕ ನೀರಿಗೆ ಬರುತ್ತದೆ, ಪಾಚಿಗೆ ಹಬ್ಬ.

ಕೆರೆ ಯಾವ ಕಡೆ ವಾಲುತ್ತಿದೆ ಅಂತ ತಿಳಿಯಲು ದೊಡ್ಡ ಉಪಕರಣ ಬೇಡ. 1865ರಲ್ಲಿ ಸೆಕ್ಕಿ ಎಂಬ ಇಟಲಿಯ ಪಾದ್ರಿ ಹಗ್ಗಕ್ಕೆ ಬಿಳಿ ಬಿಲ್ಲೆ ಕಟ್ಟಿ ನೀರಿಗಿಳಿಸಿ, ಎಲ್ಲಿ ಮರೆಯಾಗುತ್ತದೆ ಅಂತ ಅಳೆದ. ಮಕ್ಕಳು ಒಂದು ಹಳೇ ತಟ್ಟೆಗೆ ಬಿಳಿ ಬಣ್ಣ ಬಳಿದು, ಕಲ್ಲು ಕಟ್ಟಿ ಇಳಿಸಿ. ಸುಮಾರಾಗಿ ಆ ಆಳದ ಎರಡು, ಎರಡೂವರೆ ಪಟ್ಟಿನಾಚೆಗೆ ಗಿಡ ಬದುಕುವಷ್ಟು ಬೆಳಕಿರುವುದಿಲ್ಲ. ತಟ್ಟೆ ಒಂದು ಗೇಣಿಗೇ ಮಾಯವಾದರೆ ತಳದ ಗಿಡಕ್ಕೆ ಅಲ್ಲಿ ಬಾಳುವೆ ಇಲ್ಲ.

"ನಮ್ ಕೆರೆ ಮೊದ್ಲು ಹಿಂಗಿರ್ಲಿಲ್ಲ ಮೇಷ್ಟ್ರೇ. ನೀರೇ ಇರ್ಲಿಲ್ಲ, ಪಾಚಿ ಎಲ್ಲಿಂದ ಬರ್ಬೇಕು?" ಅಂತ ಹಿಂದಿನ ಸಾಲಿನಿಂದ ಒಬ್ಬ ತಾತ ಅಂದರು. ಎಲ್ಲರೂ ನಕ್ಕರು.

ತಾತ ಹೇಳಿದ್ದು ನಗುವ ಮಾತಲ್ಲ. ವರ್ಷಪೂರ್ತಿ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಕೆರೆಯಿಂದ ಕೆರೆಗೆ ಇಳಿಯುತ್ತಿದೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಹೆಬ್ಬಾಳ–ನಾಗವಾರ ಕಣಿವೆಯ ನೀರು. ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನುವ ಕೂಗು ನೀವೂ ಕೇಳಿದ್ದೀರಿ. ನಾನು ಅದನ್ನು ಗಿಡದ ಕಡೆಯಿಂದ ಹೇಳುತ್ತೇನೆ. ಎರಡು ಹಂತದ ಶುದ್ಧೀಕರಣ ಕೊಳೆಯುವ ಪದಾರ್ಥವನ್ನು ಬಹುಮಟ್ಟಿಗೆ ತೆಗೆಯುತ್ತದೆ. ಸಾರಜನಕ, ರಂಜಕ ಪೂರ್ತಿ ಹೋಗುವುದಿಲ್ಲ. ಅವೇ ಗೊಬ್ಬರ. ಹೊಲಕ್ಕೆ ಬಿದ್ದರೆ ಬೆಳೆ, ನಿಂತ ನೀರಿಗೆ ಬಿದ್ದರೆ ಪಾಚಿ ಅಥವಾ ಜಲಕಳೆ. ಒಣ ಅಂಗಳಕ್ಕಿಂತ ತುಂಬಿದ ಕೆರೆ ಮೇಲು ಅಂತ ನಾನೂ ಒಪ್ಪುತ್ತೇನೆ, ಕೊಳವೆಬಾವಿ ಸಾವಿರ ಅಡಿ ದಾಟಿದ್ದನ್ನು ಕಂಡವನು ಬೇರೇನು ಹೇಳಲಿ? ಆದರೆ ಗೊಬ್ಬರ ಕರಗಿದ ಕೆರೆಯನ್ನು ಮಳೆನೀರಿನ ಕೆರೆಯ ಹಾಗೆ ಬಿಟ್ಟು ಕೂರಲು ಬರುವುದಿಲ್ಲ. ಕಳೆ ತೆಗೆಯುತ್ತಲೇ ಇರಬೇಕು, ಅಳೆಯುತ್ತಲೇ ಇರಬೇಕು.

ಮೀನು ಸಾಕುವ ಒಬ್ಬ ತಮ್ಮ ಕೇಳಿದ: "ಹುಲ್ಲುಗೆಂಡೆ ಬಿಟ್ರೆ ಇದನ್ನೆಲ್ಲ ತಿಂದ್ಹಾಕುತ್ತಲ್ಲ ಸಾರ್? ಇಲ್ಲಾ ಔಷಧಿ ಹೊಡೆದ್ರೆ?"

ಹುಲ್ಲುಗೆಂಡೆ ತಿನ್ನುತ್ತದೆ, ಬೇಕಾದಷ್ಟು ತಿನ್ನುತ್ತದೆ. ತಿಂದದ್ದರಲ್ಲಿ ದೊಡ್ಡ ಪಾಲು ಅರಗದೆ ನೀರಿಗೇ ಗೊಬ್ಬರವಾಗಿ ಬೀಳುತ್ತದೆ. ಜಾಸ್ತಿ ಬಿಟ್ಟರೆ ಗಿಡ ಮಾಯ, ಮಾರನೇ ವರ್ಷ ನೀರು ಗಿಣಿಹಸಿರು. ಔಷಧಿಯ ಮಾತು ಎತ್ತಲೇಬೇಡ. ನಿಂತಲ್ಲೇ ಸತ್ತ ಗಿಡ ಕೊಳೆಯುವಾಗ, ತಾನು ಬೆಳೆಯುವಾಗ ಬಿಟ್ಟ ಆಮ್ಲಜನಕದಷ್ಟನ್ನೇ ವಾಪಸ್ ಕೇಳುತ್ತದೆ. ತಿಂಗಳುಗಟ್ಟಲೆ ಕೊಟ್ಟದ್ದನ್ನು ಒಂದೇ ವಾರದಲ್ಲಿ ವಸೂಲಿ ಮಾಡುತ್ತದೆ. ಹಿಂದೆ ನಮ್ಮವರು ಬೇಸಿಗೆಯಲ್ಲಿ ಕೆರೆಯ ಗೋಡುಮಣ್ಣು ಎತ್ತಿ ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರಲ್ಲ, ಹೊಲಕ್ಕೆ ಸಾರ ಸಿಗುತ್ತಿತ್ತು, ಕೆರೆಗೆ ಸಾಲ ತೀರುತ್ತಿತ್ತು. ಗಿಡಕ್ಕೂ ಅದೇ ದಾರಿ. ಮೂರರಲ್ಲಿ ಎರಡು ಪಾಲು ಜಾಗ ಮುಚ್ಚುವಷ್ಟು ಬೆಳೆದರೆ ಸಾಲು ಸಾಲಾಗಿ ಕೀಳು, ಪೂರಾ ಬೋಳಿಸಬೇಡ. ಕಿತ್ತದ್ದನ್ನು ಅಂಚಿಗೆ ತಳ್ಳಿ ಬರಬೇಡ, ಏರಿ ಆಚೆ ತಂದು ತಿಪ್ಪೆಗೆ ಹಾಕು. ಬೆಳಿಗ್ಗೆ ಎದ್ದು ಕೀಳಬೇಡ, ಮಧ್ಯಾಹ್ನ ಮಾಡು. ಕೆಸರು ಕಲಕಿದಾಗ ನೀರಿನಲ್ಲಿ ಉಸಿರು ಮಿಗಿತ ಇರಬೇಕು.

ಒಬ್ಬ ಅಕ್ಕ ಕೃಷಿ ಹೊಂಡದ ಬಗ್ಗೆ ಕೇಳಿದರು. ತಳಕ್ಕೆ ಪ್ಲಾಸ್ಟಿಕ್ ಹಾಳೆ, ಗಿಡ ನಿಲ್ಲಲು ಮಣ್ಣೇ ಇಲ್ಲ, ಮೀನು ಬಿಟ್ಟಿದ್ದೇವೆ, ನೀರು ಹಸಿರಾಗಿದೆ, ಏನು ಮಾಡುವುದು ಅಂತ. ಅಕ್ಕ, ಹೊಂಡದಲ್ಲಿ ಇರುವುದು ದಿನಗೂಲಿ ಪಾಚಿ ಒಂದೇ. ಹಾಗಾಗಿ ಮೋಡ ಕವಿದ ದಿನ ಹಿಂಡಿ, ಸಗಣಿ ಹಾಕುವುದನ್ನು ನಿಲ್ಲಿಸಿ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಮೋಟಾರ್ ಹಾಕಿ ಹೊಂಡದ ನೀರನ್ನೇ ಎತ್ತಿ ಎತ್ತರದಿಂದ ಚದುರಿಸಿ ಬೀಳಿಸಿ. ಬೋರ್‌ವೆಲ್ ನೀರಾದರೂ ಪೈಪನ್ನು ನೀರೊಳಗೆ ಇಳಿಬಿಡಬೇಡಿ. ನೆಲದಾಳದ ನೀರಿನಲ್ಲಿ ಸಾಮಾನ್ಯವಾಗಿ ಆಮ್ಲಜನಕ ಬಹಳ ಕಮ್ಮಿ, ಬೀಳುವ ದಾರಿಯಲ್ಲೇ ಅದು ಗಾಳಿ ಕುಡಿಯಬೇಕು.

"ಆ ಹೊತ್ನಲ್ಲಿ ತ್ರೀ ಫೇಸ್ ಇದ್ರೆ ತಾನೇ ಸಾರ್" ಅಂದರು ಅಕ್ಕ. ಅದಕ್ಕೆ ಬಾಟನಿಯಲ್ಲಿ ಉತ್ತರವಿಲ್ಲ. ಬಕೆಟ್ಟು, ಕೊಡ, ಮನೆ ಮಂದಿ. ಎರಡು ಗಂಟೆ ಎತ್ತಿ ಸುರಿದು ಮೀನು ಉಳಿಸಿಕೊಂಡವರನ್ನು ನೋಡಿದ್ದೇನೆ.

ಮಾತು ಮುಗಿಯುವಷ್ಟರಲ್ಲಿ ಬಿಸಿಲು ಕಿಟಕಿ ದಾಟಿತ್ತು, ಜಾಡಿಯ ಗುಳ್ಳೆ ನಿಂತಿತ್ತು. ಕತ್ತಲಾಗುವ ಮುಂಚೆ ಮಕ್ಕಳ ಜೊತೆ ತೂಬಿನ ಹತ್ತಿರ ಹೋಗಿ ಗಾಳಿ ಗುಳ್ಳೆ ಸೇರದಂತೆ ಒಂದು ಸೀಸೆ ನೀರು ತುಂಬಿದೆ. ಮ್ಯಾಂಗನೀಸ್ ಸಲ್ಫೇಟು, ಆಮೇಲೆ ಅಯೋಡೈಡ್ ಬೆರೆಸಿದ ಕ್ಷಾರ ಹಾಕಿದಾಗ ಒಳಗೆ ಕಂದು ಗಷ್ಟು ಕಟ್ಟಿತು. 1888ರಲ್ಲಿ ಹಂಗೇರಿಯ ವಿಂಕ್ಲರ್ ಕಂಡುಕೊಂಡ ವಿಧಾನ. ಆಮ್ಲಜನಕ ಎಷ್ಟು ಹೆಚ್ಚೋ ಕಂದು ಅಷ್ಟು ಗಾಢ, ಸ್ವಲ್ಪವೂ ಇಲ್ಲದಿದ್ದರೆ ಬೆಳ್ಳಗೆ. ನಾಳೆ ಕೋಳಿ ಕೂಗೋ ಹೊತ್ತಿಗೆ ಇದೇ ಜಾಗದಲ್ಲಿ ಇನ್ನೊಂದು ಸೀಸೆ ತುಂಬುತ್ತೇನೆ, ಬರುವವರು ಬನ್ನಿ ಅಂದೆ.

ಬಂದವರು ಐದು ಜನ. ತಾತ ಎಲ್ಲರಿಗಿಂತ ಮೊದಲು ಬಂದು ಏರಿ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಎರಡು ಸೀಸೆಗಳನ್ನೂ ಅಕ್ಕಪಕ್ಕ ಕಲ್ಲಿನ ಮೇಲಿಟ್ಟು ಟಾರ್ಚ್ ಬಿಟ್ಟೆವು. ಸಂಜೆಯದು ಗಟ್ಟಿ ಡಿಕಾಕ್ಷನ್ ಬಣ್ಣ. ಬೆಳಗಿನದು ನೀರು ಜಾಸ್ತಿಯಾದ ಟೀ.

ತಾತ ಎರಡನ್ನೂ ಎತ್ತಿ ಎತ್ತಿ ನೋಡಿದರು. ಆಮೇಲೆ ಕೆರೆ ಕಡೆ ನೋಡಿದರು. ಅಂಚಿನ ಗಿಡಗಳ ಸಂದಿಯಲ್ಲಿ ಎರಡು ಮೂರು ಮೀನು ಮೂತಿ ಮೇಲೆ ಮಾಡಿ ನಿಂತಿದ್ದವು.

"ಹಂಗಾದ್ರೆ ನಲವತ್ತು ವರ್ಷದಿಂದ ನಾವು ಮೀನ್ ಹಿಡೀಲಿಕ್ಕೆ ಈ ಹೊತ್ತಿಗೇ ಬರ್ತಿದ್ದಿದ್ದು ಇದಕ್ಕೇನಾ ಮೇಷ್ಟ್ರೇ," ಅಂದರು, "ಅವಕ್ಕೆ ಓಡಾಕೆ ಉಸಿರಿರಲ್ಲ ಅಂತ."